ಮೂರು ಟೇಕಿನ ನಿಶ್ಚಿತಾರ್ಥ

ನನ್ನ ಗಂಡ ತೀರಿಕೊಂಡದ್ದಕ್ಕೆ ಡಾಕ್ಟರು ಬರೆದುಕೊಟ್ಟ ಕಾರಣ ಒಂದು, ನಮ್ಮ ಅಪ್ಪನ ತಂಗಿ ಅಮ್ಮಣ್ಣಿ ಅತ್ತೆ ಕಂಡುಹಿಡಿದ ಕಾರಣ ಇನ್ನೊಂದು. ಡಾಕ್ಟರದ್ದು ಹೃದಯದ ಕವಾಟ. ಅತ್ತೆಯದ್ದು ನಾನು ಹದಿನಾರನೆಯ ವಯಸ್ಸಿನಲ್ಲಿ ತೆಗೆದ ಸಿನಿಮಾ.

"ಕೂಡಿದ ತಾಂಬೂಲ ಮುರಿಸಿದೆಯಲ್ಲೇ ಸೀತಾ, ಅದು ಸುಮ್ನೆ ಬಿಡತ್ತಾ?" ಎಂದು ಹದಿಮೂರನೆಯ ದಿನದ ಊಟ ಮುಗಿಸಿ ಕೈ ತೊಳೆಯುತ್ತ ಹೇಳಿದರು. ನೆಂಟರು ತಲೆಯಾಡಿಸಿದರು. ನಾನು ಆಗ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ಸಿನಿಮಾ ತೆಗೆದದ್ದು ನಿಜ. ತಾಂಬೂಲ ಮುರಿಸಿದ್ದೂ ನಿಜ. ಎರಡರಲ್ಲಿ ಒಂದಕ್ಕೂ ನಾನು ತಪ್ಪೊಪ್ಪಿಕೊಳ್ಳುವುದಿಲ್ಲ. ಮುರಿದದ್ದು ಹೇಗೆ ಎಂಬುದನ್ನು ಮಾತ್ರ ಬರೆದಿಡುತ್ತೇನೆ, ಏಕೆಂದರೆ ನೆಂಟರು ಹೇಳುವ ಕಥೆಯಲ್ಲಿ ಗುಂಡಣ್ಣ ಮಾವನ ಗಡಿಯಾರದ ವಿಷಯವೇ ಬರುವುದಿಲ್ಲ.

ಅದು ೧೯೭೩ರ ಮೇ ತಿಂಗಳು. ಮದ್ರಾಸಿನ ಪಶ್ಚಿಮ ಮಾಂಬಳಂನಲ್ಲಿ ಕೆಳಗಿನ ಮನೆ ನಮ್ಮದು, ಮೇಲಿನ ಮನೆ ವಿಷ್ಣುತೀರ್ಥರದು. ಅವರೂ ನಮ್ಮ ಅಪ್ಪನೂ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ನಾನು ಪಿ.ಯು.ಸಿ. ಪರೀಕ್ಷೆ ಬರೆದು ಕೂತಿದ್ದೆ. ಮಾಡಲು ಕೆಲಸವಿಲ್ಲದ್ದರಿಂದ ಸಿನಿಮಾ ತೆಗೆಯಲು ನಿರ್ಧರಿಸಿದೆ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಕಾರಣವಿಟ್ಟುಕೊಂಡು ಯಾರೂ ಸಿನಿಮಾ ತೆಗೆಯುತ್ತಿರಲಿಲ್ಲ.

ಕಥೆ ಇಷ್ಟೇ. ಒಬ್ಬ ಹುಡುಗಿಗೆ ನಿಶ್ಚಿತಾರ್ಥ ನಡೆಯುತ್ತದೆ. ಎರಡೂ ಕಡೆಯ ಹಿರಿಯರು ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ. ಆಮೇಲೆ ಹುಡುಗಿ ಬಂದು, ಅಪ್ಪನ ಕೈಯಿಂದ ತಟ್ಟೆ ತೆಗೆದುಕೊಂಡು, ಗಂಡಿನ ಕೈಗೆ ವಾಪಸು ಕೊಟ್ಟು ಹೋಗುತ್ತಾಳೆ. ಹೆಸರು 'ಬೇಡ'. ಮೂಕಚಿತ್ರ. ಕೊನೆ ಹೀಗೆಂದು ನಾಯಕಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಕ್ಯಾಮರಾ ಟಿ. ನಗರದ ಸೀರೆ ವ್ಯಾಪಾರಿ ಗಂಗಾಧರಪ್ಪನವರದು. ಹುಬ್ಬಳ್ಳಿ ಕಡೆಯವರು. ಅವರ ತಮ್ಮ ಸಿಂಗಪುರದಿಂದ ತಂದುಕೊಟ್ಟ ಆ ಕ್ಯಾಮರಾವನ್ನು ಅವರು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. ಮೂರು ಮೂರು ನಿಮಿಷದ ಎರಡು ರೀಲೂ ಇದ್ದವು.

"ಒಯ್ಯವ್ವಾ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ಮಾತು. ಸಿನಿಮಾದಾಗ ನಮ್ಮ ಅಂಗಡಿ ಬೋರ್ಡ್ ಕಾಣಬೇಕು."

"ನಿಶ್ಚಿತಾರ್ಥದ ಮನೆಯಲ್ಲಿ ಅಂಗಡಿ ಬೋರ್ಡು ಹೇಗೆ ಬರುತ್ತೆ?"

"ಸೀರಿ ಇಲ್ಲದ ನಿಶ್ಚಿತಾರ್ಥ ಎಲ್ಲ್ಯಾರ ಕಂಡೀಯೇನು? ಹಿಂದಿನ ಗ್ವಾಡಿಗೆ ಕಟ್ಟು."

ಕಟ್ಟಿದೆ. ಹೀಗಾಗಿ ನನ್ನ ನಾಯಕಿಯ ಮನೆಯ ಗೋಡೆಯ ಮೇಲೆ, ದೇವರ ಪಟಗಳ ಪಕ್ಕದಲ್ಲಿ, 'ಗಂಗಾಧರಪ್ಪ ಸಿಲ್ಕ್ ಹೌಸ್' ಎಂಬ ಆರಡಿ ಬಟ್ಟೆ ಬಂತು.

ನಾಯಕಿ ವಿಷ್ಣುತೀರ್ಥರ ಮಗಳು ಅನಸೂಯ. ನನಗಿಂತ ಆರು ವರ್ಷ ದೊಡ್ಡವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ದೆಹಲಿಯ ಒಂದು ಪ್ರಯೋಗಶಾಲೆಯಿಂದ ಅವಳಿಗೆ ಕೆಲಸದ ಆದೇಶ ಬಂದಿತ್ತು. ಜುಲೈ ಎರಡರೊಳಗೆ ಆ ಪತ್ರದ ಸಮೇತ ಹಾಜರಾಗಬೇಕು. ವಿಷ್ಣುತೀರ್ಥರು ಇನ್ನೂ ಹೂಂ ಅಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಪತ್ರವನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಯೋಚಿಸುತ್ತಿದ್ದರು.

ಸಿನಿಮಾಕ್ಕೆ ಮಗಳನ್ನು ಕಳಿಸಲು ಅವರು ಬೇಗ ಒಪ್ಪಿದರು. ಆದರೆ ಅಪ್ಪನ ಪಾತ್ರಕ್ಕೆ ನಾನು ಬೇರೆಯವರನ್ನು ಗೊತ್ತುಮಾಡಿದ್ದು ಕೇಳಿ ಕೆರಳಿದರು.

"ನಾನು ಉಸಿರಾಡ್ತಾ ಇರುವಾಗ ಅವಳಿಗೆ ಇನ್ನೊಬ್ಬ ಅಪ್ಪ ಯಾಕಮ್ಮಾ? ನಾನೇ ಮಾಡ್ತೇನೆ."

ಗಂಡಿನ ಪಾತ್ರ ಗುಂಡಣ್ಣ ಮಾವನದು. ಅಮ್ಮನ ತಮ್ಮ, ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ, ಮೂವತ್ತೊಂದು ವರ್ಷ, ನಮ್ಮ ಮನೆಯಲ್ಲೇ ವಾಸ. ಮದ್ರಾಸಿಗೆ ಬಂದ ಎಲ್ಲ ಗಂಡಸರ ಹಾಗೆ ಅವನಿಗೂ ತನ್ನ ಮುಖದ ಬಗ್ಗೆ ಒಂದು ಅಭಿಪ್ರಾಯವಿತ್ತು. ಎಡಗಡೆಯಿಂದ ನೋಡಿದರೆ ಅದು ಹೀರೋನ ಮುಖ ಎಂದು ಯಾರೋ ಎಲೆಕ್ಟ್ರಿಕ್ ರೈಲಿನಲ್ಲಿ ಹೇಳಿದ್ದರಂತೆ. ತಾಂಬರಂಗೆ ಹೋಗುವ ರೈಲಿನಲ್ಲಿ ನಿಂತವರೆಲ್ಲರ ಎಡಮುಖವೇ ಕಾಣುವುದೆಂದು ಅಪ್ಪ ಹೇಳಿದರೂ ಅವನು ಕೇಳಲಿಲ್ಲ.

"ಸೀತೂ, ಸಿನಿಮಾ ಅಂದ್ರೆ ನ್ಯಾಚುರಲ್ ಆಗಿರ್ಬೇಕು. ಪುರೋಹಿತರ ಪಾತ್ರಕ್ಕೆ ಯಾರು?"

"ಅಪ್ಪನ ಆಫೀಸಿನ ಒಬ್ಬರು. ಶಾಲು ಹೊದ್ದು ಕೂತರೆ ಸಾಕು."

"ಛೆ! ನಾನು ನಿಜವಾದವರನ್ನೇ ಕರ್ಕೊಂಡು ಬರ್ತೀನಿ ನೋಡು."

ಕರೆದುಕೊಂಡು ಬಂದ. ರಾಮದಾಸಾಚಾರ್ಯರು. ಮದ್ರಾಸಿನ ಕನ್ನಡ ಮಾಧ್ವರ ಅರ್ಧ ಮದುವೆಗಳು ಅವರ ಕೈಯಲ್ಲೇ ನಡೆದವು. ಸಿನಿಮಾ ಎಂದರೆ ಆಚಾರ್ಯರು ಬರಲಿಕ್ಕಿಲ್ಲವೆಂದು ಹೆದರಿ ಮಾವ ಅವರಿಗೆ, "ನಿಶ್ಚಿತಾರ್ಥ ಇದೆ, ದಯಮಾಡಿಸಿ" ಎಂದಷ್ಟೇ ಹೇಳಿದ್ದ. ಈ ಸಂಗತಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕ್ಯಾಮರಾ ಕಂಡು ಆಚಾರ್ಯರು ಬೆರಗಾಗಲಿಲ್ಲ. "ಈಗಿನ ಸ್ಥಿತಿವಂತರು ಇದನ್ನೂ ಮಾಡಿಸ್ತಾರೆ" ಎಂದು ಶಲ್ಯ ಸರಿಮಾಡಿಕೊಂಡು ಕೂತರು.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಚಿತ್ರೀಕರಣ. ದೀಪ ಹಚ್ಚಿದೆವು. ಎರಡು ತಟ್ಟೆ: ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಗಂಡಿನ ಕಡೆಯ ಹಿರಿಯನಾಗಿ ನಮ್ಮ ಅಪ್ಪ. ಹೆಣ್ಣಿನ ಕಡೆ ವಿಷ್ಣುತೀರ್ಥರು. ಬಂಧುಬಳಗವಾಗಿ ಅಮ್ಮಣ್ಣಿ ಅತ್ತೆ ಮತ್ತು ಮನೆಯ ಒಡತಿ ತಮಿಳು ಮಾಮಿ.

ನಾನೊಂದು ತಪ್ಪು ಮಾಡಿದ್ದೆ. ಮೂಕಚಿತ್ರವಲ್ಲವೇ ಎಂದು ಸಂಭಾಷಣೆ ಬರೆದಿರಲಿಲ್ಲ. ಆಚಾರ್ಯರು ತಮ್ಮದನ್ನೇ ತಂದಿದ್ದರು.

"ವರನ ಗೋತ್ರ?"

"ಭಾರದ್ವಾಜ" ಎಂದ ಮಾವ, ಎಡಮುಖವನ್ನು ಕ್ಯಾಮರಾಕ್ಕೆ ಕೊಟ್ಟು.

"ಕನ್ಯೆಯ ಗೋತ್ರ?"

"ಕಾಶ್ಯಪ" ಎಂದರು ವಿಷ್ಣುತೀರ್ಥರು. ಸುಳ್ಳು ಗೋತ್ರ ಹೇಳುವುದು ಅವರಿಂದ ಸಾಧ್ಯವಿರಲಿಲ್ಲ.

ಮಂತ್ರವಾಯಿತು. ತಾಂಬೂಲ ಬದಲಾಯಿತು. ಆದರೆ ಆಚಾರ್ಯರ ತಲೆ ಅಡ್ಡ ಬಂದು ಬೋರ್ಡಿನಲ್ಲಿ 'ಗಂಗಾ' ಮಾತ್ರ ಕಾಣಿಸಿತು. ನಾನು ಕಟ್ ಎಂದೆ. ತಟ್ಟೆಗಳನ್ನು ಮೊದಲಿದ್ದ ಕಡೆ ಇಟ್ಟು, "ಇನ್ನೊಂದು ಸಲ" ಎಂದೆ. ಆಚಾರ್ಯರು ಹುಬ್ಬೇರಿಸಿದರೂ ಮಂತ್ರವನ್ನು ಮತ್ತೆ ಪೂರ್ತಿ ಹೇಳಿದರು. ಎರಡನೆಯ ಸಲ ಮಾವ ನೇರವಾಗಿ ಕ್ಯಾಮರಾ ನೋಡಿ ನಕ್ಕ. ಕಟ್. ಮೂರನೆಯ ಸಲ ಎಲ್ಲವೂ ಸರಿಹೋಯಿತು. ತಟ್ಟೆ ಕೈಗೆ ಬಂದಾಗ ವಿಷ್ಣುತೀರ್ಥರ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. ಅದನ್ನು ನಾನು ನನ್ನ ನಿರ್ದೇಶನದ ಸಾಮರ್ಥ್ಯ ಎಂದುಕೊಂಡೆ.

ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದು ಎಲ್ಲರ ಮುಖದ ಮೇಲೂ ಕಪ್ಪು ನೆರಳು ಬೀಳತೊಡಗಿತು. ಕೊನೆಯ ದೃಶ್ಯವನ್ನು, ಅಂದರೆ ಹುಡುಗಿ ತಟ್ಟೆ ವಾಪಸು ಕೊಡುವುದನ್ನು, ಮುಂದಿನ ಭಾನುವಾರಕ್ಕಿಟ್ಟೆ. ರೀಲಿನಲ್ಲಿ ಇನ್ನು ಅರ್ಧ ನಿಮಿಷ ಉಳಿದಿತ್ತು.

ಸೋಮವಾರ ಬೆಳಗ್ಗೆ ಮನೆಯೊಡತಿ ಮಾಮಿ ಅಮ್ಮನಿಗೆ ಮಲ್ಲಿಗೆ ತಂದುಕೊಟ್ಟು, "ಉಂಗ ತಂಬಿಕ್ಕು ಕಲ್ಯಾಣಂ. ರೊಂಬ ಸಂತೋಷಂ!" ಎಂದು ತಮ್ಮನ ಮದುವೆಗೆ ಶುಭ ಕೋರಿದರು. ಅಮ್ಮ ನಕ್ಕಳು. ಮಂಗಳವಾರ ಆಚಾರ್ಯರು ಪಂಚಾಂಗ ಹಿಡಿದು ಬಂದು, ಆಷಾಢಕ್ಕೆ ಮೊದಲು ಜೂನ್ ಇಪ್ಪತ್ತನಾಲ್ಕು ಬಿಟ್ಟರೆ ಮುಹೂರ್ತವಿಲ್ಲ ಎಂದರು. ಆಗ ಯಾರೂ ನಗಲಿಲ್ಲ.

ಬುಧವಾರ ಸಂಜೆ ಗುಂಡಣ್ಣ ಮಾವ ಆಫೀಸಿನಿಂದ ಒಂದು ಗೋಡೆ ಗಡಿಯಾರ ಹೊತ್ತುಕೊಂಡು ಬಂದ. 'ಭಾವೀ ವಧೂವರರಿಗೆ' ಎಂದು ಅದರ ಗಾಜಿನ ಮೇಲೆ ಬರೆದಿತ್ತು.

"ಇದೇನೋ?" ಎಂದಳು ಅಮ್ಮ.

"ಶೂಟಿಂಗ್ ತಯಾರಿಗೆ ಅಂತ ಶನಿವಾರ ರಜ ಕೇಳಿದ್ರೆ ಸೂಪರಿಂಟೆಂಡೆಂಟು ಕೊಡ್ತಿರಲಿಲ್ಲ ಅಕ್ಕಾ. ನಿಶ್ಚಿತಾರ್ಥ ಅಂದೆ. ಅವರೆಲ್ಲ ಸೇರಿ..."

"ಸುಳ್ಳು ಅಂತ ಹೇಳಿ ವಾಪಸ್ ಕೊಡೋದು ತಾನೇ?"

"ಹೇಗೆ ಹೇಳೋದು? ಭಾಷಣ ಬೇರೆ ಮಾಡಿಬಿಟ್ರು. ಅಷ್ಟೇ ಅಲ್ಲ..." ಮಾವ ಕಾಲಿನ ಬೆರಳು ನೋಡಿಕೊಂಡ. "ವಿಮೆ ಆಫೀಸಲ್ಲವಾ. ಭಾಷಣ ಮುಗಿಯೋದರೊಳಗೆ ಒಂದು ಫಾರಂ ಮುಂದಿಟ್ರು. ನನ್ನ ಪಾಲಿಸಿಗೆ ನಾಮಿನಿ ಬದಲಾಯಿಸಿಬಿಟ್ಟೆ."

"ಯಾರ ಹೆಸರು ತೆಗೆದೆ?"

"ನಿನ್ನದೇ ಇತ್ತಲ್ಲಕ್ಕಾ."

ಅಮ್ಮ ಎರಡು ದಿನ ಅವನಿಗೆ ಕಾಫಿ ಕೊಡಲಿಲ್ಲ. ಅವಳ ವಾದ ಸರಳವಾಗಿತ್ತು: "ತಟ್ಟೆ ಸಿನಿಮಾದ್ದು ಅನ್ನು, ಒಪ್ತೀನಿ. ಫಾರಂ ಸಿನಿಮಾದ್ದಾ?"

ಇಷ್ಟರಲ್ಲಿ ಮೇಲಿನ ಮನೆಯಲ್ಲಿ ವಿಷ್ಣುತೀರ್ಥರು ತಮ್ಮ ಯೋಚನೆಯನ್ನು ಮುಗಿಸಿದ್ದರು. ಹುಡುಗ ಗೊತ್ತಿರುವವನು, ಕಾಯಂ ನೌಕರಿ, ಗೋತ್ರ ಬೇರೆ, ಮನೆಗೂ ಮನೆಗೂ ಹದಿನೆಂಟು ಮೆಟ್ಟಿಲಿನ ದೂರ. ಹುಡುಕಿದರೂ ಸಿಗದ ಸಂಬಂಧ ತಾನಾಗಿ, ಅದೂ ಮೂರು ಸಲ, ನಿಶ್ಚಯವಾಗಿದೆ. ದೆಹಲಿಯ ಪತ್ರದ ಬಗ್ಗೆ ಮಗಳು ಕೇಳಿದಾಗ, "ಇನ್ಮೇಲೆ ಅದೆಲ್ಲ ಅಳಿಯಂದಿರು ಹೇಳಿದ ಹಾಗೆ" ಎಂದರು.

ಶನಿವಾರ ನಮ್ಮ ಹಜಾರದಲ್ಲಿ ಪಂಚಾಯಿತಿ ಸೇರಿತು. ಪ್ರಶ್ನೆ ಒಂದೇ: ಸಿನಿಮಾಕ್ಕಾಗಿ ಬದಲಾಯಿಸಿದ ತಾಂಬೂಲ ತಾಂಬೂಲವೇ?

"ನಾನು ಹೇಳಿದ್ದು ಸಿನಿಮಾ ಮಂತ್ರ ಅಲ್ಲ" ಎಂದರು ರಾಮದಾಸಾಚಾರ್ಯರು. ತಮಗೆ ಸುಳ್ಳು ಹೇಳಿ ಕರೆಸಿದ್ದು ಅವರಿಗೆ ಆಗಷ್ಟೇ ತಿಳಿದಿತ್ತು. ಕೋಪ ಬಂದಿದ್ದರೂ ಮಂತ್ರವನ್ನು ಬಿಟ್ಟುಕೊಡಲು ತಯಾರಿರಲಿಲ್ಲ. "ದೀಪ ಇತ್ತು. ಗೋತ್ರ ಹೇಳಿದ್ದಾರೆ. ನಾನಿದ್ದೆ. ಇನ್ನೇನು ಬೇಕು?"

"ನಾನು ಕಟ್ ಅಂದೆನಲ್ಲ ಆಚಾರ್ರೇ."

"ಕಟ್ ಅನ್ನೋದು ಯಾವ ಶಾಸ್ತ್ರದಲ್ಲಿದೆ ಮಗೂ?"

"ಪ್ರತಿ ಸಲ ಆದ ಮೇಲೂ ತಟ್ಟೆಗಳನ್ನು ವಾಪಸ್ ಇಟ್ಟಿದ್ದೇನೆ."

"ಇಟ್ಟದ್ದು ನೀನು. ಅವರು ಕೊಟ್ಟದ್ದಲ್ಲ."

"ಹಾಗಾದರೆ ಮೂರು ಸಲ ನಿಶ್ಚಯ ಆಯಿತು. ಮಾವನಿಗೆ ಮೂರು ಮದುವೆ ಮಾಡಿಸ್ತೀರಾ?"

"ಬಾಯಿ ನೋಡು ಇವಳದು!" ಎಂದರು ಅಮ್ಮಣ್ಣಿ ಅತ್ತೆ. "ಒಂದು ಗಂಟಿಗಿಂತ ಮೂರು ಗಂಟು ಗಟ್ಟಿ ಅಂತ ಅರ್ಥ."

ವಿಷ್ಣುತೀರ್ಥರು ಮಾವನ ಕಡೆ ತಿರುಗಿದರು. "ನೀವು ಹೇಳಿ ಅಳಿಯಂದ್ರೇ. ನಿಮಗೆ ಇಷ್ಟ ತಾನೇ?"

ಮಾವ ಗೋಡೆಯ ಕಡೆ ನೋಡಿದ. ಅಲ್ಲಿ ಗಡಿಯಾರ ಆಗಲೇ ತೂಗುತ್ತಿತ್ತು.

"ಇಷ್ಟ ಅಂತಲ್ಲ... ಕಷ್ಟ ಅಂತಲೂ ಅಲ್ಲ... ಆಫೀಸಲ್ಲಿ ಗಡಿಯಾರ ಕೊಟ್ಟುಬಿಟ್ರಲ್ಲ."

ಇದನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಯಿತು. ಅಪ್ಪ ಪೇಪರಿನ ಹಿಂದಿನಿಂದ ಹೊರಗೆ ಬರಲಿಲ್ಲ. ಅನಸೂಯಳನ್ನು ಯಾರೂ ಕೇಳಲಿಲ್ಲ. ನಿಶ್ಚಿತಾರ್ಥದ ದಿನ ಅವಳು ತಕರಾರು ಮಾಡಿರಲಿಲ್ಲವಲ್ಲ.

ಅವಳು ಬಟ್ಟೆ ಒಣಗಿಹಾಕುವ ನೆಪದಲ್ಲಿ ನನ್ನನ್ನು ತಾರಸಿಗೆ ಕರೆದಳು. ಅಳುತ್ತಾಳೆಂದು ನಾನು ಕರವಸ್ತ್ರ ಒಯ್ದಿದ್ದೆ.

"ದಿಲ್ಲಿಗೆ ಜೂನ್ ಇಪ್ಪತ್ತೆಂಟಕ್ಕೆ ಟಿಕೆಟ್ ತಗೊಂಡಿದೀನಿ" ಎಂದಳು. "ಗುಂಡಣ್ಣ ಒಳ್ಳೆಯವರೇ. ಗಡಿಯಾರದ ಮುಲಾಜಿಗೆ ಅವರು ಮದುವೆಯಾದ್ರೂ ಆದಾರು. ನಾನಾಗಲ್ಲ. ನಿನ್ನ ಸಿನಿಮಾ ಮುಗಿದಿಲ್ಲ ತಾನೇ?"

"ಕೊನೆಯ ದೃಶ್ಯ ಬಾಕಿ."

"ಮುಗಿಸು."

ಅಷ್ಟು ಹೇಳಿ ಕರವಸ್ತ್ರವನ್ನೂ ತಂತಿಗೆ ಒಣಗಿಹಾಕಿ ಹೋದಳು.

ನಾನು ಯಾರಿಗೂ ಸುಳ್ಳು ಹೇಳಲಿಲ್ಲ. ಮನೆಮನೆಗೆ ಹೋಗಿ, "ನಿಶ್ಚಿತಾರ್ಥದ ಕೊನೆಯ ಭಾಗ ಬಾಕಿ ಇದೆ, ಎಲ್ಲರೂ ಅವತ್ತಿನ ಬಟ್ಟೆಯಲ್ಲೇ ಬನ್ನಿ" ಎಂದೆ. ಏನು ಭಾಗ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ತಾವು ಎಲ್ಲಿ ನಿಲ್ಲಬೇಕು ಎಂದು. ಕೋಪದಲ್ಲಿದ್ದ ಆಚಾರ್ಯರು ಕೂಡ ಕ್ಷೌರ ಮಾಡಿಸಿಕೊಂಡು ಬಂದರು. ನಾನೇ ದೀಪ ಹಚ್ಚಿದೆ. "ಮಂತ್ರ ಹೇಳಿ ಆಚಾರ್ರೇ, ಅವತ್ತಿನ ಹಾಗೇ ಇರಬೇಕು" ಎಂದೆ. ಅವರು ಶುರುಮಾಡಿದರು. ನಾನು ಗುಂಡಿ ಒತ್ತಿದೆ.

ಅನಸೂಯ ಮೆಟ್ಟಿಲಿಳಿದು ಬಂದಳು. ಅಪ್ಪನ ಕೈಯಲ್ಲಿದ್ದ ತಟ್ಟೆ ತೆಗೆದುಕೊಂಡಳು. ಮಗಳು ಆಶೀರ್ವಾದಕ್ಕೆ ಬಂದಳೆಂದು ವಿಷ್ಣುತೀರ್ಥರು ಕೈ ಎತ್ತಿದ್ದರು. ಆ ಕೈ ಹಾಗೇ ಉಳಿಯಿತು. ಅವಳು ತಟ್ಟೆಯನ್ನು ಗುಂಡಣ್ಣ ಮಾವನ ಕೈಯಲ್ಲಿಟ್ಟಳು. ಮಾವ, ಯಾರು ಏನು ಕೊಟ್ಟರೂ ತೆಗೆದುಕೊಳ್ಳುವ ಸ್ವಭಾವದವನು, ತೆಗೆದುಕೊಂಡ. ಅವಳು ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು. ನಾನು ಕಟ್ ಎನ್ನಲಿಲ್ಲ. ರೀಲು ತಾನಾಗಿ ಮುಗಿಯಿತು.

"ಇದು ಬರೀ ಸಿನಿಮಾ!" ಎಂದು ಕೂಗಿದರು ವಿಷ್ಣುತೀರ್ಥರು.

"ಹೋದ ಭಾನುವಾರದ್ದು?" ಎಂದೆ.

ಎಲ್ಲರೂ ಆಚಾರ್ಯರನ್ನು ನೋಡಿದರು. ಅವರು ದೀಪ ನೋಡಿದರು, ತಟ್ಟೆ ನೋಡಿದರು, ಮಾವನನ್ನು ನೋಡಿದರು. ಪಾಪ, ಅವರ ಸಂಕಟ ನನಗೆ ಅರ್ಥವಾಯಿತು. ಇವತ್ತಿನದು ಸುಳ್ಳೆಂದರೆ ಇವತ್ತಿನ ಮಂತ್ರವೂ ಸುಳ್ಳಾಗಬೇಕು.

"ದೀಪ ಇತ್ತು" ಎಂದರು ನಿಧಾನವಾಗಿ. "ನಾನೂ ಇದ್ದೆ."

ವಿಷ್ಣುತೀರ್ಥರು ಎತ್ತಿದ ಕೈ ಇಳಿಸಿದರು. ಆಗ ನಮ್ಮ ಅಮ್ಮಣ್ಣಿ ಅತ್ತೆ ಗಣಿತವನ್ನು ತಂದರು.

"ಇರಿ, ಇರಿ. ಕೂಡಿದ್ದು ಮೂರು ಸಲ. ವಾಪಸ್ ಕೊಟ್ಟದ್ದು ಒಂದು ಸಲ. ಇನ್ನೂ ಎರಡು ಉಳೀತಲ್ಲ?"

ನನ್ನ ಬಳಿ ರೀಲು ಉಳಿದಿರಲಿಲ್ಲ. ವಿಷ್ಣುತೀರ್ಥರ ಮುಖಕ್ಕೆ ಬಣ್ಣ ಬಂತು. ಮಾತು ಬೆಳೆದು, ಮಾಮಿ ತಮಿಳಿನಲ್ಲೂ ಬೋರ್ಡು ನೋಡಲು ಬಂದಿದ್ದ ಗಂಗಾಧರಪ್ಪನವರು ಹುಬ್ಬಳ್ಳಿಯ ಕನ್ನಡದಲ್ಲೂ ತೀರ್ಪು ಕೊಡತೊಡಗಿದಾಗ, ಅಪ್ಪ ಆ ವಾರದಲ್ಲಿ ಮೊದಲ ಸಲ ಪೇಪರು ಮಡಿಸಿದರು. ರೈಲಿನಲ್ಲಿ ಕಳೆದುಹೋದ ಸಾಮಾನಿನ ದಾವೆಗಳನ್ನು ಇಪ್ಪತ್ತು ವರ್ಷ ನೋಡಿದವರು.

"ಬಾಯಿ ಮಾತು ಬೇಡ. ಸಿನಿಮಾ ತೊಳೆದು ಬರಲಿ. ಅದರಲ್ಲಿ ಎಷ್ಟು ಸಲ ಕೂಡಿದೆಯೋ ಅಷ್ಟು. ಎಷ್ಟು ಸಲ ಮುರಿದಿದೆಯೋ ಅಷ್ಟು."

ಅದು ನ್ಯಾಯವೆಂದು ಎಲ್ಲರೂ ಒಪ್ಪಿದರು. ವಿಷ್ಣುತೀರ್ಥರು ಎಲ್ಲರಿಗಿಂತ ಮೊದಲು ಒಪ್ಪಿದರು. ಸಿನಿಮಾ ತೆಗೆಯುವವರು ತೆಗೆದದ್ದನ್ನೆಲ್ಲ ತೋರಿಸುವುದಿಲ್ಲವೆಂದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ. ಅವರು ಕೇಳಲಿಲ್ಲ.

ರೀಲುಗಳು ಬೊಂಬಾಯಿಗೆ ಹೋಗಿ, ಜೂನ್ ಹದಿನೈದಕ್ಕೆ ಬಂದವು. ಅಷ್ಟರಲ್ಲಿ ಲಗ್ನಪತ್ರಿಕೆಯ ಕರಡು ಸಿದ್ಧವಾಗಿತ್ತು. ಮಾವನಿಗೆ ಗಡಿಯಾರ ಕೊಟ್ಟವರೆಲ್ಲ ಯಾವ ಛತ್ರ ಎಂದು ದಿನಾ ಕೇಳುತ್ತಿದ್ದರು. ಅವನು ಹೊಸ ಹೊಸ ಛತ್ರಗಳ ಹೆಸರು ಹೇಳುತ್ತಿದ್ದ. ನಾನು ಒಂದು ಬ್ಲೇಡು, ಒಂದು ಅಂಟುಪಟ್ಟಿ ಹಿಡಿದು ಸ್ನಾನದ ಮನೆಯ ಬಾಗಿಲು ಹಾಕಿಕೊಂಡೆ. ಹೊರಗೆ ಬಂದಾಗ ಆಚಾರ್ಯರ ತಲೆ ಅಡ್ಡ ಬಂದ ಟೇಕೂ ಮಾವ ನಕ್ಕ ಟೇಕೂ ಬಚ್ಚಲ ಒಲೆಯಲ್ಲಿದ್ದವು.

ಭಾನುವಾರ ಮಧ್ಯಾಹ್ನ ನಮ್ಮ ಹಜಾರದ ಕಿಟಕಿಗಳಿಗೆಲ್ಲ ಜಮಖಾನ ಹೊದಿಸಿ, ಅಪ್ಪನ ಪಂಚೆಯನ್ನು ಗೋಡೆಗೆ ಕಟ್ಟಿ, ಪ್ರದರ್ಶನ ಏರ್ಪಡಿಸಿದೆ. ಮದ್ರಾಸಿನವರು ಕತ್ತರಿ ಎನ್ನುವ ಉರಿಬಿಸಿಲು ಮುಗಿದಿತ್ತೆಂದು ಪಂಚಾಂಗ ಹೇಳುತ್ತಿತ್ತು. ಹಜಾರಕ್ಕೆ ಅದು ಗೊತ್ತಿರಲಿಲ್ಲ. ಹದಿನೆಂಟು ಜನ ಬೆವರುತ್ತ ಕೂತರು. ಪ್ರೊಜೆಕ್ಟರು ಒಂದು ಬ್ಯಾಂಕಿನ ನೌಕರರ ಸಂಘದ್ದು. ಅದನ್ನು ನಡೆಸಲು ಆ ಬ್ಯಾಂಕಿನ ಗುಮಾಸ್ತ ರಘುರಾಮ ಬಂದಿದ್ದ. ಅವನನ್ನು ನಾನು ಅವತ್ತೇ ಮೊದಲು ನೋಡಿದ್ದು. ಆರು ವರ್ಷದ ಮೇಲೆ ಅವನನ್ನು ಮದುವೆಯಾದೆ. ಹೋದ ಮಾಘದಲ್ಲಿ ಅವನು ಹೋದ. ಅದು ಈ ಕಥೆಗೆ ಸೇರಿದ್ದಲ್ಲ.

ಸಿನಿಮಾ ಶುರುವಾಯಿತು. ಪಂಚೆಯ ಮೇಲೆ ತಮ್ಮನ್ನು ತಾವು ಕಂಡು ಎಲ್ಲರೂ ಒಂದು ಕ್ಷಣ ಜಗಳ ಮರೆತರು. ಗಂಗಾಧರಪ್ಪನವರು ತಮ್ಮ ಬೋರ್ಡನ್ನು ಗಟ್ಟಿಯಾಗಿ ಓದಿದರು. ಮಾವ ತನ್ನ ಎಡಮುಖ ಬಂದಾಗ ಬಲಗಡೆ ಕೂತಿದ್ದ ಮಾಮಿಗೆ ತೋರಿಸಿದ. ತಾಂಬೂಲ ಕೂಡಿತು.

"ಒಂದು" ಎಂದರು ಅಮ್ಮಣ್ಣಿ ಅತ್ತೆ.

ಅನಸೂಯ ಇಳಿದು ಬಂದಳು. ತಟ್ಟೆ ಕೊಟ್ಟಳು. ಹತ್ತಿ ಹೋದಳು. ಪಂಚೆ ಬೆಳ್ಳಗಾಯಿತು.

"ಇನ್ನೆರಡು ಎಲ್ಲಿ?"

"ಸಿನಿಮಾದಲ್ಲಿಲ್ಲ" ಎಂದೆ.

"ಒಂದು ಕೂಡಿದ್ದು, ಒಂದು ಕಳೆದದ್ದು" ಎಂದರು ಅಪ್ಪ. "ಸೊನ್ನೆ."

ಗೆದ್ದೆವೆಂದು ನಾನು ಉಸಿರು ಬಿಟ್ಟೆ. ಆಗ ರಘುರಾಮ ರೀಲನ್ನು ಹಿಂದಕ್ಕೆ ಸುತ್ತತೊಡಗಿದ. ಪ್ರೊಜೆಕ್ಟರಿನ ದೀಪ ಆರಿಸುವುದನ್ನು ಮರೆತಿದ್ದ. ಪಂಚೆಯ ಮೇಲೆ ಅನಸೂಯ ಬೆನ್ನು ಮುಂದಾಗಿ ಮೆಟ್ಟಿಲಿಳಿದಳು. ತಟ್ಟೆ ಮಾವನ ಕೈಯಿಂದ ಎದ್ದು ಅವಳ ಕೈಗೆ ಬಂತು. ಅವಳ ಕೈಯಿಂದ ವಿಷ್ಣುತೀರ್ಥರ ಕೈಗೆ ಹೋಗಿ ಭದ್ರವಾಗಿ ಕೂತಿತು. ಊದುಬತ್ತಿಯ ಹೊಗೆ ಮೇಲಿನಿಂದ ಇಳಿದು ಬತ್ತಿಯೊಳಗೆ ಸೇರಿಕೊಂಡಿತು. ಇಷ್ಟು ವರ್ಷ ಪೌರೋಹಿತ್ಯ ಮಾಡಿದರೂ ಆಚಾರ್ಯರು ಇಂಥದ್ದನ್ನು ಕಂಡಿರಲಿಲ್ಲ.

"ನಿಲ್ಸು! ಅಲ್ಲೇ ನಿಲ್ಸು ಪಾ!" ವಿಷ್ಣುತೀರ್ಥರು ಎದ್ದು ನಿಂತಿದ್ದರು. "ನೋಡಿದ್ರಾ ಎಲ್ಲರೂ? ವಾಪಸ್ ತಗೊಂಡ್ಳು! ತಟ್ಟೆ ನನ್ನ ಕೈಲಿದೆ!"

"ಅದು ಉಲ್ಟಾ ಓಡ್ತಿದೆ ಮಾಮಾ" ಎಂದೆ.

"ಉಲ್ಟಾನೋ ಸೀದಾನೋ, ಸಿನಿಮಾದಲ್ಲಿ ಏನಿದೆಯೋ ಅದೇ ಲೆಕ್ಕ ಅಂತ ನಿಮ್ಮಪ್ಪನೇ ಹೇಳಿದ್ದು. ಆಚಾರ್ರೇ, ದೀಪ ಇದೆಯೋ ಇಲ್ಲವೋ?"

"ಇದೆ" ಎಂದರು ಆಚಾರ್ಯರು, ಪಂಚೆಯಿಂದ ಕಣ್ಣು ತೆಗೆಯದೆ.

ಆಗ ಗುಂಡಣ್ಣ ಮಾವ ಎದ್ದ. ಎದ್ದವನು ಬೆಳಕಿಗೆ ಅಡ್ಡ ಬಂದ. ತಟ್ಟೆ, ದೀಪ, ವಿಷ್ಣುತೀರ್ಥರು ಎಲ್ಲ ಅವನ ಅಂಗಿಯ ಮೇಲೆ ಬಿದ್ದರು.

"ನನ್ನ ಕೈಗೆ ವಾಪ್ಸು ಬಂದದ್ದು ನನ್ನ ಕೈಲೇ ಇರ್ಲಿ" ಎಂದ. "ನಾನು ಇಸ್ಕೊಂಡಾಗಿದೆ. ಗಡಿಯಾರ ನಾಳೆ ಕೊಟ್ಟು ಬರ್ತೀನಿ. ಫಾರಂನಲ್ಲಿ ಅಕ್ಕನ ಹೆಸರು ಹಾಕ್ತೀನಿ."

"ನೀವು ಸುಮ್ನಿರಿ ಅಳಿಯಂದ್ರೇ."

"ಅಳಿಯ ಅಲ್ಲ. ಗುಂಡಣ್ಣ."

ಆ ಮನೆಯಲ್ಲಿ ಅವನು ಅಷ್ಟು ಖಡಾಖಂಡಿತವಾಗಿ ಹೇಳಿದ ಮಾತು ಅದೊಂದೇ. ಹೇಳಿದ ಮೇಲೆ ಕೂರುವುದು ಮರೆತು ಬೆಳಕಿನಲ್ಲೇ ನಿಂತ. ಅತ್ತೆ ಹಿಂದಕ್ಕೆ ಓಡಿಸಿ ಎಂದು ಕೂಗಿದರು. ಅಮ್ಮ ಆರಿಸಿ ಎಂದಳು. ವಿಷ್ಣುತೀರ್ಥರು ನಿಲ್ಲಿಸು ಎಂದರು. ಗಂಗಾಧರಪ್ಪನವರು, "ಬೋರ್ಡಿನ ಕಡೆ ಒಯ್ಯೋ ತಮ್ಮಾ" ಎಂದರು.

"ನಿಲ್ಲಿಸಿದ್ರೆ ಫಿಲ್ಮ್ ಸುಟ್ಟುಹೋಗತ್ತೆ ಸಾರ್" ಎಂದ ರಘುರಾಮ. ಕೈ ಗುಂಡಿಯ ಮೇಲಿತ್ತು. ಗಲಾಟೆಯ ಮೇಲೆ ಅವನ ದನಿ ಏರಲಿಲ್ಲ. "ಮುಂದಕ್ಕೋ ಹಿಂದಕ್ಕೋ ಒಬ್ಬರು ಹೇಳಿ. ಇದರ ಡೈರೆಕ್ಟರ್ ಯಾರು?"

ಅಂಥ ಒಬ್ಬರು ಇರಬಹುದೆಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

"ನಾನು" ಎಂದೆ. "ಮುಂದಕ್ಕೆ."

ಅವನು ಒತ್ತಿದ. ಮಾವನ ಅಂಗಿಯ ಮೇಲೆ ಅನಸೂಯ ತಟ್ಟೆ ತೆಗೆದುಕೊಂಡಳು. ಮಾವ ಪಕ್ಕಕ್ಕೆ ಸರಿದ. ಅವಳು ಪಂಚೆಯ ಮೇಲೆ ತಟ್ಟೆ ಕೊಟ್ಟು, ತಿರುಗಿ ನೋಡದೆ ಹೋದಳು.

"ಈಗ ಎರಡು ಸಲ ವಾಪಸ್ ಕೊಟ್ಟ ಹಾಗಾಯ್ತು" ಎಂದರು ಆಚಾರ್ಯರು.

"ಇನ್ನೊಂದು ಸಲ ಹಾಕಲಾ ಸಾರ್?" ಎಂದು ರಘುರಾಮ ವಿಷ್ಣುತೀರ್ಥರನ್ನು ಬಹಳ ವಿನಯದಿಂದ ಕೇಳಿದ.

"ಬೇಡ ಪಾ" ಎಂದರು ಅವರು. "ಹೀಗೇ ಕೊಡ್ತಾ ಹೋದ್ರೆ ನಮ್ಮ ಮನೇಲಿ ಒಂದು ತಟ್ಟೆನೂ ಉಳಿಯಲ್ಲ."

ಜಮಖಾನಗಳನ್ನು ತೆಗೆದೆವು. ಬೆಳಕು ಬಂತು. ಅನಸೂಯ ಹಜಾರದಲ್ಲಿರಲಿಲ್ಲ, ಮೇಲೆ ಪೆಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು. ವಿಷ್ಣುತೀರ್ಥರು ಬಹಳ ಹೊತ್ತು ಆ ಸದ್ದು ಕೇಳುತ್ತ ಕೂತರು. ಆಮೇಲೆ ಅಂಗಿಯೊಳಗೆ ಕೈ ಹಾಕಿ, ಜನಿವಾರದಿಂದ ಬೀರುವಿನ ಬೀಗದ ಕೈ ಬಿಚ್ಚಿದರು. ಅದು ಸುಲಭವಾಗಿ ಬಿಚ್ಚಲಿಲ್ಲ. ಅತ್ತೆ ಹೇಳಿದಂತೆ ಗಂಟುಗಳು ಗಟ್ಟಿಯಾಗಿದ್ದವು. ಬೀಗದ ಕೈಯನ್ನು ನನ್ನ ಕೈಗೆ ಹಾಕಿ, "ಕೊಡು ಹೋಗು ಅವಳಿಗೆ" ಎಂದರು.

ನಾನು ನಾಲ್ಕು ಮೆಟ್ಟಿಲು ಹತ್ತಿರಬಹುದು. ಹಿಂದಿನಿಂದ ಅವರ ಕೂಗು ಬಂತು. ಈ ಸಲ ಅದು ಅಪ್ಪನ ಕೋಪವಲ್ಲ, ಇಪ್ಪತ್ತಾರು ವರ್ಷ ಸರ್ವೀಸಿನ ರೈಲ್ವೆ ನೌಕರನ ಕೋಪ.

"ಏಯ್ ಅನಸೂಯಾ! ದಿಲ್ಲಿಗೆ ಕಾಸು ಕೊಟ್ಟು ಟಿಕೆಟ್ ತಗೊಂಡ್ಯಂತೆ? ಮದುವೆಯಾಗದ ಹೆಣ್ಣುಮಕ್ಕಳಿಗೆ ರೈಲ್ವೆಯವರು ಪಾಸ್ ಕೊಡ್ತಾರೆ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತಪ್ಪಾ" ಎಂದಳು ಅನಸೂಯ ಮೇಲಿನಿಂದ. "ಅದಕ್ಕೇ ಮದುವೆ ಬೇಡ ಅಂದದ್ದು."